ಹೊಸ ಪ್ಯಾಡ್ ಕೊಳ್ಳುವ ಮೊದಲು: ಎಲೆಕ್ಟ್ರಾನಿಕ್ ಡ್ರಮ್ ಕಿಟ್ಟಿನ ರಿಪೇರಿ ಮತ್ತು ಅಪ್‌ಗ್ರೇಡ್

ಪ್ಯಾಡ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂದ ಕೂಡಲೇ ಹೊಸ ಪ್ಯಾಡ್ ಹುಡುಕಲು ಕೂರಬೇಡಿ. ಸ್ಟಿಕ್ಕಿನ ಏಟು ಬಿದ್ದಲ್ಲಿಂದ ಹೆಡ್‌ಫೋನಿಗೆ ಸದ್ದು ಬರುವವರೆಗೆ ಕೆಡಲು ನಾಲ್ಕು ಜಾಗ ಇವೆ: ಪ್ಯಾಡ್, ಕೇಬಲ್, ಮಾಡ್ಯೂಲಿನ (ಸದ್ದು ಹುಟ್ಟಿಸುವ ಪೆಟ್ಟಿಗೆಯ) ಇನ್‌ಪುಟ್, ಆ ಇನ್‌ಪುಟ್ಟಿಗೆ ಹಾಕಿರುವ ಸೆಟ್ಟಿಂಗ್. ಇನ್‌ಪುಟ್ ಕೆಡುವುದು ಅಪರೂಪ. ಕೇಬಲ್ ಅಗ್ಗ. ಸೆಟ್ಟಿಂಗ್ ಬದಲಿಸಲು ಖರ್ಚೇ ಇಲ್ಲ. ಹಾಗಿದ್ದ ಮೇಲೆ ದುಬಾರಿ ವಸ್ತುವಿನ ಮೇಲೆ ಮೊದಲು ಅನುಮಾನ ಪಡುವುದು ಯಾಕೆ, ಅಲ್ವಾ?

ಪ್ಯಾಡಿನ ಒಳಗೆ ಏನಿದೆ ಅಂತ ಗೊತ್ತಿದ್ದರೆ ಅರ್ಧ ಕೆಲಸ ಆದಂತೆ. ರಬ್ಬರ್ ಇರಲಿ, ಬಲೆಯಂಥ ಹೊದಿಕೆಯ ಮೆಶ್ ಇರಲಿ, ಹೆಚ್ಚಿನ ಪ್ಯಾಡುಗಳಲ್ಲಿ ಏಟನ್ನು ಹಿಡಿಯುವುದು ಪೀಜೋ ಅನ್ನುವ ತೆಳ್ಳಗಿನ ಬಿಲ್ಲೆ. ಹಿತ್ತಾಳೆಯ ತಟ್ಟೆ, ಅದರ ಮೇಲೆ ಬಿಳಿ ಸೆರಾಮಿಕ್ ಪದರ, ಎರಡು ವೈರ್, ಅಷ್ಟೇ. ಸಾಮಾನ್ಯವಾಗಿ 27 ಅಥವಾ 35 ಮಿಲಿಮೀಟರ್ ಅಗಲ. ಏಟಿಗೆ ಬಿಲ್ಲೆ ಒಂಚೂರು ಬಾಗುತ್ತದೆ, ಬಾಗಿದಾಗ ವೋಲ್ಟೇಜ್ ಹುಟ್ಟುತ್ತದೆ, ಅದು ಎಷ್ಟು ಎತ್ತರಕ್ಕೆ ಹೋಯಿತು ಅಂತ ಮಾಡ್ಯೂಲ್ ಅಳೆದು ಅದಕ್ಕೆ ತಕ್ಕ ಜೋರಿನಲ್ಲಿ ಸದ್ದು ಮಾಡುತ್ತದೆ. ಸಿಂಬಲ್ ಪ್ಯಾಡಿನ ಅಂಚಿನಲ್ಲಿ ಇರುವುದು ಬೇರೆ: ಎರಡು ಪದರಗಳ ತೆಳು ಸ್ವಿಚ್. ಒತ್ತಿದಾಗ ಎರಡೂ ಪದರ ತಾಗುತ್ತವೆ, ಮಾಡ್ಯೂಲಿಗೆ 'ಅಂಚು' ಅಂತ ಗೊತ್ತಾಗುತ್ತದೆ. ಕೈಯಲ್ಲಿ ಹಿಡಿದು ಸದ್ದು ನಿಲ್ಲಿಸುವ ಚೋಕ್ ಕೂಡ ಇದೇ ಸ್ವಿಚ್ಚಿನ ಕೆಲಸ. ಪೀಜೋ ಮತ್ತು ಸ್ವಿಚ್, ಈ ಎರಡರ ವ್ಯತ್ಯಾಸ ನೆನಪಿಟ್ಟುಕೊಳ್ಳಿ. ಪ್ಯಾಡ್ ಕೊಳ್ಳುವಾಗ ಎಲ್ಲಾ ಎಡವಟ್ಟು ಆಗುವುದು ಇಲ್ಲೇ.

ಮೊದಲು ಅದಲುಬದಲು

ಸ್ನೇರ್ ಸದ್ದು ಮಾಡುತ್ತಿಲ್ಲ, ಟಾಮ್ ಚೆನ್ನಾಗಿದೆ ಅಂತಿಟ್ಟುಕೊಳ್ಳಿ. ಮಾಡ್ಯೂಲಿನ ಕಡೆ ಏನೂ ಮುಟ್ಟಬೇಡಿ. ಸ್ನೇರಿಗೆ ಚುಚ್ಚಿದ್ದ ಕೇಬಲ್ ಎಳೆದು ಟಾಮ್ ಪ್ಯಾಡಿಗೆ ಚುಚ್ಚಿ, ಟಾಮ್ ಮೇಲೆ ಹೊಡೆಯಿರಿ. ಸ್ನೇರ್ ಸದ್ದು ಬಂತಾ? ಹಾಗಾದರೆ ಕೇಬಲ್, ಇನ್‌ಪುಟ್ ಎರಡೂ ಸರಿ ಇವೆ, ಕೆಟ್ಟಿರುವುದು ಸ್ನೇರ್ ಪ್ಯಾಡೇ. ಬರಲಿಲ್ಲವಾ? ಪ್ಯಾಡ್ ಬಹುಶಃ ನಿರಪರಾಧಿ. ಈಗ ಟಾಮಿನ ಕೇಬಲ್ ತೆಗೆದು ಸ್ನೇರ್ ಇನ್‌ಪುಟ್ಟಿಗೆ ಹಾಕಿ ನೋಡಿ. ಸದ್ದು ಬಂದರೆ ಹಳೆಯ ಕೇಬಲ್ ಹೋಗಿದೆ, ಬರದಿದ್ದರೆ ಇನ್‌ಪುಟ್ ಅಥವಾ ಸೆಟ್ಟಿಂಗ್. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಎರಡು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಯಾಯಿತು ಅಂತ ಗೊತ್ತಾಗುವುದಿಲ್ಲ. ಟಾಮ್ ಪ್ಯಾಡಿನಿಂದ ಬಂದ ಸ್ನೇರ್ ಸದ್ದು ಸ್ವಲ್ಪ ಮೆತ್ತಗೆ ಅಥವಾ ವಿಪರೀತ ಜೋರಾಗಿ ಕೇಳಬಹುದು. ತಲೆ ಕೆಡಿಸಿಕೊಳ್ಳಬೇಡಿ, ಆ ಇನ್‌ಪುಟ್ಟಿನ ಸೆನ್ಸಿಟಿವಿಟಿ (ಎಷ್ಟು ಜೋರಿನ ಏಟಿಗೆ ಎಷ್ಟು ಸದ್ದು ಅನ್ನುವುದು) ಬೇರೆ ಪ್ಯಾಡಿಗೆ ಅಂತ ಹೊಂದಿಸಿದ್ದು.

ಇನ್‌ಪುಟ್ ಮೇಲೆ ಅನುಮಾನ ಬಂದರೆ ಫ್ಯಾಕ್ಟರಿ ರೀಸೆಟ್ ಮಾಡುವ ಮುನ್ನ ನೀವು ಹೊಂದಿಸಿದ ಕಿಟ್ಟುಗಳನ್ನು ಬ್ಯಾಕಪ್ ಮಾಡಿಕೊಳ್ಳಿ. ಬ್ಯಾಕಪ್ ಸೌಲಭ್ಯ ಇಲ್ಲದ ಮಾಡ್ಯೂಲ್ ಆದರೆ ಫೋನಿನಲ್ಲಿ ಪ್ರತಿ ಸ್ಕ್ರೀನಿನ ಫೋಟೋ ಸಾಕು. ರೀಸೆಟ್ ಆದ ಮೇಲೂ, ಸರಿ ಇರುವ ಕೇಬಲ್ ಮತ್ತು ಸರಿ ಇರುವ ಪ್ಯಾಡ್ ಹಾಕಿದ ಮೇಲೂ ಆ ಇನ್‌ಪುಟ್ ಸತ್ತೇ ಇದ್ದರೆ ಆಗ ಮಾತ್ರ ಜ್ಯಾಕಿನ ಸೋಲ್ಡರ್ ಬಿಟ್ಟಿರಬಹುದು ಅಂತ ಯೋಚಿಸಿ.

ಕೆಲವು ಕಿಟ್ಟುಗಳಲ್ಲಿ ಬಿಡಿ ಕೇಬಲ್ ಇರುವುದಿಲ್ಲ, ಎಲ್ಲಾ ಪ್ಯಾಡುಗಳ ವೈರ್ ಒಂದೇ ದಪ್ಪ ಕಟ್ಟಾಗಿ ಬಂದು ಮಾಡ್ಯೂಲಿನ ಹಿಂದೆ 25 ಪಿನ್ನಿನ ಅಗಲವಾದ ಕನೆಕ್ಟರಿಗೆ ಸೇರುತ್ತದೆ. ಇಂಥದ್ದರಲ್ಲಿ ಪ್ಯಾಡಿನ ಕಡೆಯ ತುದಿ ಮಾತ್ರ ಅದಲುಬದಲು ಮಾಡಬಹುದು. ಇದ್ದಕ್ಕಿದ್ದಂತೆ ಎರಡು ಮೂರು ಪ್ಯಾಡ್ ಒಟ್ಟಿಗೆ ಸತ್ತರೆ ಪ್ಯಾಡುಗಳನ್ನು ಬಿಚ್ಚಲು ಹೋಗಬೇಡಿ. ಆ ಕನೆಕ್ಟರ್ ತೆಗೆದು ಬೆಳಕಿಗೆ ಹಿಡಿದು ಪಿನ್ ಯಾವುದಾದರೂ ಬಾಗಿದೆಯಾ ನೋಡಿ, ಬಾಗಿದ್ದರೆ ಸಣ್ಣ ಇಕ್ಕಳದಲ್ಲಿ ನಿಧಾನವಾಗಿ ನೆಟ್ಟಗೆ ಮಾಡಿ, ಮತ್ತೆ ಚುಚ್ಚಿ ಎರಡೂ ಬದಿಯ ಸ್ಕ್ರೂ ಬಿಗಿ ಮಾಡಿ. ಆ ಸ್ಕ್ರೂ ಹಾಕದೆ ಸುಮ್ನೆ ಒತ್ತಿ ಬಿಟ್ಟಿರುವವರೇ ಜಾಸ್ತಿ.

ಕೇಬಲ್ ಮತ್ತು ಜ್ಯಾಕ್

ಕೇಬಲ್ಲಿನ ಪ್ಲಗ್ ಕೈಗೆ ತೆಗೆದುಕೊಂಡು ನೋಡಿ. ಲೋಹದ ಮೇಲೆ ಕಪ್ಪು ಗೆರೆ ಒಂದೇ ಇದ್ದರೆ ಅದು ಮೋನೋ, ಎರಡು ಇದ್ದರೆ ಸ್ಟೀರಿಯೋ. ಎರಡು ಜೋನ್ (ಬೇರೆ ಬೇರೆ ಸದ್ದು ಕೊಡುವ ಭಾಗ) ಇರುವ ಪ್ಯಾಡಿಗೆ ಸ್ಟೀರಿಯೋ ಕೇಬಲ್ಲೇ ಬೇಕು, ಯಾಕೆಂದರೆ ತುದಿಯ ಭಾಗ ಹೆಡ್ಡಿನ (ಹೊಡೆಯುವ ಮೇಲ್ಮೈಯ) ಸಿಗ್ನಲ್ ಒಯ್ಯುತ್ತದೆ, ನಡುವಿನ ಉಂಗುರ ರಿಮ್ಮಿನದ್ದು (ಹೆಡ್ಡಿನ ಸುತ್ತಿನ ಅಂಚಿನದ್ದು) ಅಥವಾ ಸಿಂಬಲ್ ಅಂಚಿನದ್ದು, ಬುಡದ ಭಾಗ ಇಬ್ಬರಿಗೂ ಸೇರಿದ ಗ್ರೌಂಡ್. ಗಿಟಾರಿನ ಮೋನೋ ಕೇಬಲ್ ತಂದು ಹಾಕಿದರೆ ಆ ಉಂಗುರ ಗ್ರೌಂಡಿಗೆ ಸೇರಿಬಿಡುತ್ತದೆ. ರಿಮ್ ಸತ್ತುಹೋಗುತ್ತದೆ. ಸಿಂಬಲ್ಲಿನಲ್ಲಿ ಇನ್ನೂ ಮಜಾ: ಅಂಚಿನ ಸ್ವಿಚ್ ಸದಾ ಒತ್ತಿಕೊಂಡಿದೆ ಅಂತ ಮಾಡ್ಯೂಲ್ ತಿಳಿಯುತ್ತದೆ, ಹಾಗಾಗಿ ಎಲ್ಲಿ ಹೊಡೆದರೂ ಅಂಚಿನ ಸದ್ದು ಬರಬಹುದು, ಇಲ್ಲವೇ ಶುರುವಾದ ಸದ್ದು ಕೂಡಲೇ ಕತ್ತರಿಸಿ ಹೋಗಬಹುದು. 'ಹೊಸ ಕ್ರ್ಯಾಶ್ ಡಿಫೆಕ್ಟ್ ಪೀಸು' ಅಂತ ವಾಪಸ್ ಕಳಿಸುವ ಮೊದಲು ಆ ಕಪ್ಪು ಗೆರೆ ಎಣಿಸಿ.

ಕೇಬಲ್ ಒಳಗೆ ಮುರಿಯುವುದು ಹೆಚ್ಚಾಗಿ ಪ್ಲಗ್ಗಿನ ಕುತ್ತಿಗೆಯಲ್ಲಿ. ಒಂದು ಕೈಯಲ್ಲಿ ಪ್ಯಾಡನ್ನು ಹಗುರವಾಗಿ ತಟ್ಟುತ್ತಾ ಇನ್ನೊಂದು ಕೈಯಲ್ಲಿ ಪ್ಲಗ್ ಹತ್ತಿರ ಕೇಬಲ್ ಬಗ್ಗಿಸಿ. ಸದ್ದು ಬಂದು ಹೋಗಿ ಮಾಡಿದರೆ ಅಲ್ಲೇ ತೊಂದರೆ. ಮಲ್ಟಿಮೀಟರ್ ಇದ್ದರೆ ಬೀಪ್ ಮೋಡಿನಲ್ಲಿ ತುದಿಗೆ ತುದಿ, ಉಂಗುರಕ್ಕೆ ಉಂಗುರ, ಬುಡಕ್ಕೆ ಬುಡ ಪರೀಕ್ಷಿಸಿ. ಮೂರೂ ಕೂಗಬೇಕು, ಒಂದರಿಂದ ಇನ್ನೊಂದಕ್ಕೆ ಮಾತ್ರ ಕೂಗಬಾರದು.

ಕೇಬಲ್ ಸರಿ ಇದ್ದೂ ಸದ್ದು ಕಟ್ಟಾಗುತ್ತಿದ್ದರೆ ಪ್ಯಾಡಿನ ಜ್ಯಾಕ್ ಹಿಡಿದು ತಿರುಗಿಸಿ ನೋಡಿ. ಅದರ ನಟ್ ಸಡಿಲವಾಗಿದ್ದರೆ ಪ್ಲಗ್ ಹಾಕಿ ತೆಗೆದು ಮಾಡುವಾಗೆಲ್ಲ ಜ್ಯಾಕ್ ಒಳಗೇ ಸುತ್ತುತ್ತದೆ, ಅದರ ಜೊತೆ ವೈರುಗಳೂ ತಿರುಚಿಕೊಂಡು ಒಂದು ದಿನ ಸೋಲ್ಡರ್ ಬಿಡುತ್ತದೆ. ನಟ್ ಬಿಗಿ ಮಾಡುವಾಗ ಹೊರಗಿನಿಂದ ಸುಮ್ನೆ ತಿರುಗಿಸುತ್ತಾ ಹೋಗಬೇಡಿ. ಪ್ಯಾಡ್ ಬಿಚ್ಚಿ, ಒಳಗಿನಿಂದ ಜ್ಯಾಕ್ ಹಿಡಿದುಕೊಂಡು ಬಿಗಿ ಮಾಡಿ.

ಪ್ಯಾಡ್ ಬಿಚ್ಚಿದಾಗ

ರಬ್ಬರ್ ಪ್ಯಾಡಿಗೆ ಹಿಂದೆ ಸ್ಕ್ರೂ ಇರುತ್ತವೆ. ಮೆಶ್ ಪ್ಯಾಡ್ ಆದರೆ ಡ್ರಮ್ ಕೀಯಿಂದ ಸುತ್ತಲಿನ ಬೋಲ್ಟುಗಳನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸಿ ಹೂಪ್ (ಹೆಡ್ ಹಿಡಿದಿಡುವ ಬಳೆ) ಎತ್ತಬೇಕು. ಬಿಚ್ಚಿದ ಕೂಡಲೇ ಒಂದು ಫೋಟೋ ತೆಗೆಯಿರಿ, ಯಾವ ಬಣ್ಣದ ವೈರ್ ಎಲ್ಲಿಗೆ ಹೋಗಿದೆ ಅಂತ ಆಮೇಲೆ ನೆನಪಾಗುವುದಿಲ್ಲ.

ಹೆಚ್ಚಿನ ಸಲ ನೋಡಿದ ಕೂಡಲೇ ಗೊತ್ತಾಗುತ್ತದೆ: ಪೀಜೋದಿಂದ ಒಂದು ವೈರ್ ಕಿತ್ತು ಬಂದಿರುತ್ತದೆ, ಅಥವಾ ಬಿಳಿ ಪದರದಲ್ಲಿ ಕೂದಲೆಳೆಯಂಥ ಬಿರುಕು ಇರುತ್ತದೆ. ಕಣ್ಣಿಗೆ ಏನೂ ಕಾಣದಿದ್ದರೆ ಮಲ್ಟಿಮೀಟರನ್ನು ಎಸಿ ವೋಲ್ಟಿಗೆ ಇಟ್ಟು, ಎರಡು ಮುಳ್ಳುಗಳನ್ನು ಪೀಜೋದ ಎರಡು ವೈರಿಗೆ ತಾಗಿಸಿ, ಬೆರಳಲ್ಲಿ ಬಿಲ್ಲೆಯನ್ನು ತಟ್ಟಿ. ಅಂಕಿ ಒಂದು ಕ್ಷಣ ಕುಣಿದರೆ ಜೀವ ಇದೆ. ಓಮ್ ಮೋಡಿನಲ್ಲಿ ಸರಿಯಾದ ಪೀಜೋ ಏನೂ ತೋರಿಸಬಾರದು, ಓಪನ್ ಅಂತಲೇ ಬರಬೇಕು. ಕಡಿಮೆ ಓಮ್ ಬಂದರೆ ಒಳಗೆ ಶಾರ್ಟ್ ಆಗಿದೆ.

ವೈರ್ ಮತ್ತೆ ಬೆಸೆಯುವಾಗ ಒಂದು ವಿಷಯದಲ್ಲಿ ಹುಷಾರು. ಹಿತ್ತಾಳೆಯ ಮೇಲೆ ಸೋಲ್ಡರ್ ಆರಾಮಾಗಿ ಹಾಕಬಹುದು, ಸ್ವಲ್ಪ ಹೊತ್ತು ಬಿಸಿ ಬೇಕೂ ಬೇಕು. ಬಿಳಿ ಭಾಗದ ಕಥೆ ಹಾಗಲ್ಲ. ಅದರ ಮೇಲಿರುವುದು ತೀರಾ ತೆಳು ಬೆಳ್ಳಿ ಲೇಪ, ಐರನ್ ಹೆಚ್ಚು ಹೊತ್ತು ಇಟ್ಟರೆ ಲೇಪವೇ ಎದ್ದು ಬರುತ್ತದೆ, ಆಮೇಲೆ ಅಲ್ಲಿ ಏನೂ ಅಂಟುವುದಿಲ್ಲ. ವೈರಿನ ತುದಿಗೆ ಮೊದಲೇ ಸೋಲ್ಡರ್ ಹಿಡಿಸಿ, ಐರನ್ ಚೆನ್ನಾಗಿ ಕಾಯಿಸಿ, ಒಂದೆರಡು ಸೆಕೆಂಡಿನಲ್ಲಿ ತಾಗಿಸಿ ತೆಗೆಯಿರಿ. ತೆಳ್ಳಗಿನ, ಬಾಗುವ ವೈರ್ ಬಳಸಿ. ಗಟ್ಟಿ ಒಂಟಿ ತಂತಿಯ ವೈರ್ ಹಾಕಿದರೆ ಏಟಿನ ಕಂಪನಕ್ಕೆ ಅದು ಸೋಲ್ಡರನ್ನೇ ಕಿತ್ತುಕೊಂಡು ಬರುತ್ತದೆ. ವೈರಿಗೆ ಸ್ವಲ್ಪ ಸಡಿಲ ಬಿಟ್ಟು, ಬಿಲ್ಲೆಯಿಂದ ಆಚೆ ಒಂದು ಕಡೆ ಟೇಪ್ ಅಥವಾ ಹಾಟ್ ಗ್ಲೂ ಹಾಕಿ ಹಿಡಿಸಿ. ಗ್ಲೂ ಬಿಳಿ ಭಾಗದ ಮೇಲೆಲ್ಲಾ ಸುರಿಯಬೇಡಿ, ಬಿಲ್ಲೆ ಬಾಗದೇ ಹೋದರೆ ಸಿಗ್ನಲ್ ಎಲ್ಲಿಂದ ಬರಬೇಕು? ಪೀಜೋ ಪೂರ್ತಿ ಹೋಗಿದ್ದರೆ ಅದೇ ಅಗಲದ ಹೊಸದನ್ನು ಹಾಕಿ, ಹಳೆಯದರಲ್ಲಿ ಹಿತ್ತಾಳೆ ಎಲ್ಲಿಗೆ, ಸೆರಾಮಿಕ್ ಎಲ್ಲಿಗೆ ಹೋಗಿತ್ತೋ ಹಾಗೇ ಜೋಡಿಸಿ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಬಿಲ್ಲೆಯೇ ಸಾಕು. ಇಡೀ ಪ್ಯಾಡಿನಲ್ಲಿ ತೀರಾ ಕಡಿಮೆ ಬೆಲೆಯ ಭಾಗ ಇದೇ.

ಮೆಶ್ ಪ್ಯಾಡಿನಲ್ಲಿ ಪೀಜೋಕ್ಕಿಂತ ಹೆಚ್ಚಾಗಿ ಸವೆಯುವುದು ಅದರ ಮೇಲಿನ ಫೋಮ್ ಕೋನ್. ಅದು ಮೆಶ್ಶಿನ ಅಡಿಗೆ ತಾಗಿಕೊಂಡು ನಿಂತು ಏಟನ್ನು ಪೀಜೋಗೆ ದಾಟಿಸುತ್ತದೆ. ಹೂಪ್ ತೆಗೆದಾಗ ಕೋನಿನ ತುದಿ ಶೆಲ್ಲಿನ (ಪ್ಯಾಡಿನ ಸುತ್ತಿನ ಗೋಡೆಯ) ಅಂಚಿಗಿಂತ ಎರಡು ಮೂರು ಮಿಲಿಮೀಟರ್ ಮೇಲೆ ಕಾಣಬೇಕು. ಅಂಚಿನ ಮೇಲೆ ಒಂದು ಸ್ಕೇಲ್ ಅಡ್ಡ ಇಟ್ಟು ನೋಡಿ, ಕೋನ್ ಸ್ಕೇಲನ್ನು ಮೇಲಕ್ಕೆ ಎತ್ತಬೇಕು. ವರ್ಷಗಟ್ಟಲೆ ಏಟು ತಿಂದ ಕೋನ್ ಚಪ್ಪಟೆಯಾಗಿ ಸ್ಕೇಲಿಗೆ ತಾಗುವುದೇ ಇಲ್ಲ, ಬೆರಳಲ್ಲಿ ಒತ್ತಿದರೆ ಪುಡಿ ಉದುರುತ್ತದೆ ಅಥವಾ ಅಂಟಂಟಾಗಿರುತ್ತದೆ. ಮೆತ್ತಗಿನ ಏಟು ಹಿಡಿಯುತ್ತಿಲ್ಲ, ರೋಲ್ ಮಾಡಿದರೆ ನಡುನಡುವೆ ಏಟು ಮಾಯವಾಗುತ್ತದೆ ಅಂತ ಬೈಯುವವರ ಪ್ಯಾಡಿನಲ್ಲಿ ನೋಡಿದರೆ ಇದೇ ಕಥೆ. ಕೋನ್ ಬಿಡಿಯಾಗಿ ಸಿಗುತ್ತದೆ. ಹಳೆಯದನ್ನು ಕೀಳುವಾಗ ಮಾತ್ರ ಪೀಜೋ ಸಮೇತ ಎಳೆಯಬೇಡಿ, ತೆಳು ಬ್ಲೇಡಿನಿಂದ ಅಡ್ಡಕ್ಕೆ ಕತ್ತರಿಸುತ್ತಾ ಬಿಡಿಸಿ.

ಸಿಂಬಲ್ ಅಂಚು ಸತ್ತಿದ್ದರೆ ಮೀಟರನ್ನು ಪ್ಯಾಡಿಗೆ ಚುಚ್ಚಿದ ಕೇಬಲ್ಲಿನ ಇನ್ನೊಂದು ತುದಿಯಲ್ಲಿ ಉಂಗುರ ಮತ್ತು ಬುಡಕ್ಕೆ ಹಿಡಿದು ಅಂಚನ್ನು ಒತ್ತಿ. ಎರಡು ಜೋನಿನ ಸಾಮಾನ್ಯ ಸಿಂಬಲ್ ಆದರೆ ಒತ್ತಿದಾಗ ಕೂಗಬೇಕು, ಬಿಟ್ಟಾಗ ಸುಮ್ಮನಾಗಬೇಕು. ಬಿಟ್ಟ ಮೇಲೂ ಕೂಗುತ್ತಿದ್ದರೆ ಪದರಗಳು ಅಂಟಿಕೊಂಡಿವೆ. ರಬ್ಬರ್ ಅಂಚನ್ನು ನಿಧಾನವಾಗಿ ಮೇಲೆತ್ತಿ, ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಹತ್ತಿಯಿಂದ ಲೋಹದ ಪಟ್ಟಿ ಒರೆಸಿ, ಪೂರ್ತಿ ಒಣಗಲು ಬಿಡಿ. ಇದೇ ಆಲ್ಕೊಹಾಲನ್ನು ರಬ್ಬರಿನ ಮೇಲ್ಮೈ ತೊಳೆಯಲು ಬಳಸಬೇಡಿ. ಅದಕ್ಕೆ ಒದ್ದೆ ಬಟ್ಟೆ ಸಾಕು, ಥಿನ್ನರ್ ಅಂತೂ ಹತ್ತಿರವೂ ತರಬೇಡಿ.

ಕೆಟ್ಟಿಲ್ಲ, ಆದರೆ ಹೊಂದಿಕೊಂಡಿಲ್ಲ

ಇಲ್ಲಿಂದ ಮುಂದೆ ಸ್ಕ್ರೂಡ್ರೈವರ್ ಕೆಳಗಿಡಿ. ಒಂದು ಏಟಿಗೆ ಎರಡು ಸದ್ದು, ಒಂದು ಪ್ಯಾಡ್ ಹೊಡೆದರೆ ಇನ್ನೊಂದು ಕೂಗುವುದು, ಎಷ್ಟು ಮೆತ್ತಗೆ ಹೊಡೆದರೂ ಜೋರು. ಇವೆಲ್ಲ ಹೆಚ್ಚಿನ ಮಟ್ಟಿಗೆ ಮಾಡ್ಯೂಲಿನ ಟ್ರಿಗರ್ ಮೆನುವಿನಲ್ಲಿ ಸರಿಯಾಗುವ ಕಾಯಿಲೆಗಳು.

ಕಿವಿಯನ್ನು ಮಾತ್ರ ನಂಬಿ ಹೊಂದಿಸುವುದು ಕಷ್ಟ. ಮಾಡ್ಯೂಲನ್ನು ಯುಎಸ್‌ಬಿ ಮೂಲಕ ಕಂಪ್ಯೂಟರಿಗೆ ಜೋಡಿಸಿ, ಯಾವುದಾದರೂ ಉಚಿತ ಮಿಡಿ ಮಾನಿಟರ್ (ಮಾಡ್ಯೂಲ್ ಕಳಿಸುವ ಸಂಕೇತ ತೋರಿಸುವ ಸಾಫ್ಟ್‌ವೇರ್) ತೆರೆಯಿರಿ. ಪ್ರತಿ ಏಟಿಗೆ ಒಂದು ಸಾಲು ಬರುತ್ತದೆ: ನೋಟ್ ನಂಬರ್ (ಯಾವ ಪ್ಯಾಡ್) ಮತ್ತು ವೆಲಾಸಿಟಿ (ಎಷ್ಟು ಜೋರು). ಹೆಚ್ಚಿನ ಮಾಡ್ಯೂಲುಗಳಲ್ಲಿ ಕಿಕ್ 36, ಸ್ನೇರ್ 38. ವೆಲಾಸಿಟಿ 1ರಿಂದ 127ರವರೆಗೆ. ಈಗ ಸ್ನೇರಿನ ಮೇಲೆ ತೀರಾ ಮೆತ್ತಗಿನ ಏಟಿನಿಂದ ಶುರು ಮಾಡಿ ನಿಧಾನವಾಗಿ ಜೋರು ಮಾಡುತ್ತಾ ಹೋಗಿ. ನೀವು ಸಾಮಾನ್ಯವಾಗಿ ನುಡಿಸುವ ಏಟಿಗೇ 127 ಬರುತ್ತಿದ್ದರೆ ಸೆನ್ಸಿಟಿವಿಟಿ ಜಾಸ್ತಿಯಾಗಿದೆ, ಅದರ ಮೇಲೆ ಎಷ್ಟೇ ಜೋರಾಗಿ ಹೊಡೆದರೂ ಮಾಡ್ಯೂಲಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ನಿಮ್ಮ ಅತಿ ಜೋರಿನ ಏಟಿಗೆ ಮಾತ್ರ 127 ಮುಟ್ಟುವಂತೆ ಇಳಿಸಿ. ಮೆತ್ತಗಿನ ಏಟಿಗೆ ಸಾಲೇ ಬರುತ್ತಿಲ್ಲವಾದರೆ ಥ್ರೆಶೋಲ್ಡ್ (ಇದಕ್ಕಿಂತ ಮೆತ್ತಗಿನದನ್ನು ಏಟು ಅಂತ ಲೆಕ್ಕ ಹಿಡಿಯದ ಮಿತಿ) ಕಡಿಮೆ ಮಾಡಿ. ಆದರೆ ಪೂರ್ತಿ ಸೊನ್ನೆಗೆ ಇಳಿಸಿದರೆ ನೆಲದ ಮೇಲೆ ಯಾರಾದರೂ ನಡೆದರೂ ಕಿಕ್ ಸದ್ದು ಬರುತ್ತದೆ.

ಒಂದೇ ಏಟಿಗೆ ಎರಡು ಸಾಲು ಬಂದರೆ ಎರಡನೆಯದರ ವೆಲಾಸಿಟಿ ಮತ್ತು ಸಮಯ ನೋಡಿ. ಮೊದಲ ಏಟಿನ ಬೆನ್ನಿಗೇ ಕಡಿಮೆ ಅಂಕಿಯದ್ದು ಬಂದಿದ್ದರೆ ಮೊದಲ ಏಟಿನ ಕಂಪನ ಇನ್ನೂ ಅಡಗಿಲ್ಲ ಅಂತ ಅರ್ಥ. ಮೆಶ್ ಸಡಿಲ ಇದ್ದರೆ ಇದು ಜಾಸ್ತಿ, ಹಾಗಾಗಿ ಮೊದಲು ಮೆಶ್ ಸ್ವಲ್ಪ ಬಿಗಿ ಮಾಡಿ ನೋಡಿ. ಆಮೇಲೆ ರೀಟ್ರಿಗರ್ ಕ್ಯಾನ್ಸಲ್ ಅಥವಾ ಮಾಸ್ಕ್ ಟೈಮ್ ಅನ್ನು ಒಂದೊಂದೇ ಮೆಟ್ಟಿಲು ಏರಿಸಿ. ಮಾಸ್ಕ್ ಟೈಮ್ ಅಂದರೆ ಒಂದು ಏಟಿನ ನಂತರ ಇಷ್ಟು ಮಿಲಿಸೆಕೆಂಡ್ ಮಾಡ್ಯೂಲ್ ಕಿವಿ ಮುಚ್ಚಿಕೊಳ್ಳುತ್ತದೆ. ತೀರಾ ಏರಿಸಿದರೆ ನಿಮ್ಮ ವೇಗದ ರೋಲುಗಳೂ ನುಂಗಿ ಹೋಗುತ್ತವೆ, ಆದ್ದರಿಂದ ಏರಿಸಿದಾಗೆಲ್ಲ ಒಂದು ರೋಲ್ ಹೊಡೆದು ಪರೀಕ್ಷೆ ಮಾಡಿ. ಸ್ಕ್ಯಾನ್ ಟೈಮ್ ಇನ್ನೊಂದು: ಏಟು ಬಿದ್ದ ಮೇಲೆ ಅದರ ಜೋರು ಅಳೆಯಲು ಮಾಡ್ಯೂಲ್ ತೆಗೆದುಕೊಳ್ಳುವ ಸಮಯ. ಒಂದೇ ಜೋರಿನ ಏಟುಗಳಿಗೆ ಅಂಕಿ ಯದ್ವಾತದ್ವಾ ಬರುತ್ತಿದ್ದರೆ ಮಾತ್ರ ಇದನ್ನು ಸ್ವಲ್ಪ ಹೆಚ್ಚಿಸಿ. ಏರಿಸಿದಷ್ಟೂ ಸದ್ದು ತಡವಾಗುತ್ತದೆ, ಹಾಗಾಗಿ ಕಾರಣ ಇಲ್ಲದೆ ಮುಟ್ಟಬೇಡಿ.

ಒಂದನ್ನು ಹೊಡೆದರೆ ಇನ್ನೊಂದು ಕೂಗುವ ಕ್ರಾಸ್‌ಟಾಕ್ ಬಂದಾಗ ಎಲ್ಲರೂ ನೇರ ಕ್ರಾಸ್‌ಟಾಕ್ ಕ್ಯಾನ್ಸಲ್ ಸೆಟ್ಟಿಂಗಿಗೆ ಹೋಗುತ್ತಾರೆ. ನನ್ನ ಪ್ರಕಾರ ಅದು ಕೊನೆಯ ಮದ್ದು. ಆ ಸೆಟ್ಟಿಂಗ್ ಮಾಡುವುದು ಏನೆಂದರೆ, ಒಂದು ಪ್ಯಾಡಿಗೆ ಜೋರು ಏಟು ಬಿದ್ದಾಗ ಅದೇ ಕ್ಷಣ ಇನ್ನೊಂದರಲ್ಲಿ ಬಂದ ಮೆತ್ತಗಿನ ಸಿಗ್ನಲ್ ಬಿಟ್ಟುಬಿಡುವುದು. ತೀರಾ ಏರಿಸಿದರೆ ನೀವು ಬೇಕಂತಲೇ ಒಟ್ಟಿಗೆ ಹೊಡೆದ ಎರಡು ಏಟಿನಲ್ಲಿ ಮೆತ್ತಗಿನದು ಮಾಯ. ಅದಕ್ಕೆ ಮೊದಲು ಕಂಪನ ಎಲ್ಲಿಂದ ದಾಟುತ್ತಿದೆ ಹುಡುಕಿ. ಪ್ಯಾಡ್ ಬಿಟ್ಟು ರ‍್ಯಾಕಿನ ಕಂಬವನ್ನೇ ಸ್ಟಿಕ್ಕಿನಿಂದ ತಟ್ಟಿ, ಯಾವ ಪ್ಯಾಡ್ ಕೂಗುತ್ತದೆ ನೋಡಿ. ಆ ಪ್ಯಾಡಿನ ಕ್ಲ್ಯಾಂಪ್ ಬಿಗಿ ಮಾಡಿ. ಎರಡು ಪ್ಯಾಡಿನ ಅಂಚು ತಾಗುತ್ತಿದ್ದರೆ ಬೆರಳಗಲ ದೂರ ಸರಿಸಿ. ಕೇಬಲ್ ರ‍್ಯಾಕಿಗೂ ಪ್ಯಾಡಿಗೂ ಬಿಗಿಯಾಗಿ ಎಳೆದು ಕಟ್ಟಿದ್ದರೆ ಸಡಿಲ ಬಿಡಿ. ಸ್ನೇರ್ ತೆಗೆದು ಬೇರೆ ಸ್ಟ್ಯಾಂಡಿನ ಮೇಲೆ ಇಟ್ಟರೆ ಅರ್ಧಕ್ಕರ್ಧ ಗಲಾಟೆ ನಿಲ್ಲುತ್ತದೆ, ಕಿಟ್ಟಿನಲ್ಲಿ ಜೋರು ಏಟು ಬೀಳುವುದು ಅದರ ಮೇಲೆ ತಾನೇ?

ಮೆಶ್ಶಿನ ನಡುವೆ ಹೊಡೆದಾಗ ಮಾತ್ರ ಸದ್ದು ಗಕ್ಕನೆ ಜೋರಾಗುವುದಕ್ಕೆ ಹಾಟ್ ಸ್ಪಾಟ್ ಅನ್ನುತ್ತಾರೆ. ನಡುವೆ ಕೋನ್ ಇರುವ ಪ್ಯಾಡುಗಳಿಗೆ ಇದು ಹುಟ್ಟುಗುಣ. ಮೆಶ್ಶನ್ನು ಎದುರುಬದುರು ಬೋಲ್ಟುಗಳ ಕ್ರಮದಲ್ಲಿ ಸಮವಾಗಿ ಬಿಗಿ ಮಾಡಿದರೆ ಸಾಕಷ್ಟು ಕಡಿಮೆಯಾಗುತ್ತದೆ. ಪೂರ್ತಿ ಹೋಗಬೇಕು ಅಂದರೆ ಸೆನ್ಸರ್ ಬದಿಗೆ ಇರುವ ಅಥವಾ ಒಂದಕ್ಕಿಂತ ಹೆಚ್ಚು ಸೆನ್ಸರ್ ಇರುವ ಪ್ಯಾಡ್ ಬೇಕು. ಇಲ್ಲವೇ ಸುಮ್ನೆ ನಡುವಿನಿಂದ ಎರಡು ಬೆರಳು ಆಚೆ ಹೊಡೆಯುವ ಅಭ್ಯಾಸ ಮಾಡಿಕೊಳ್ಳಿ, ಅದೂ ಒಂದು ದಾರಿಯೇ.

ಹೈ-ಹ್ಯಾಟ್ ಪೆಡಲ್ ಪೂರ್ತಿ ತುಳಿದರೂ ಅರ್ಧ ತೆರೆದ ಸದ್ದು ಬರುತ್ತಿದ್ದರೆ ಮೊದಲು ಕ್ಯಾಲಿಬ್ರೇಟ್ ಮಾಡಿ. ಕೆಲವು ಕಿಟ್ಟುಗಳಲ್ಲಿ ಆನ್ ಮಾಡುವಾಗ ಪೆಡಲ್ ಮೇಲೆ ಕಾಲಿದ್ದರೆ ಅದನ್ನೇ 'ಮುಟ್ಟದ ಸ್ಥಿತಿ' ಅಂತ ಮಾಡ್ಯೂಲ್ ತಿಳಿದುಬಿಡುತ್ತದೆ. ಕಾಲು ತೆಗೆದು ಆಫ್ ಮಾಡಿ ಆನ್ ಮಾಡಿದರೆ ಅಷ್ಟಕ್ಕೇ ಸರಿಹೋಗಬಹುದು.

ಅಪ್‌ಗ್ರೇಡ್: ಮಾಡ್ಯೂಲಿಗೆ ಕೇಳಿಸುವುದನ್ನೇ ಕೊಳ್ಳಿ

ಪ್ಯಾಡ್ ಎಷ್ಟೇ ಒಳ್ಳೆಯದಿದ್ದರೂ ಮಾಡ್ಯೂಲ್ ಅದರ ಸಿಗ್ನಲ್ ಅರ್ಥ ಮಾಡಿಕೊಳ್ಳದಿದ್ದರೆ ಅದು ದುಬಾರಿ ರಬ್ಬರ್. ಅದಕ್ಕೆ ಪ್ಯಾಡಿನ ಚಂದ ನೋಡುವ ಮೊದಲು ನಿಮ್ಮ ಮಾಡ್ಯೂಲಿನ ಮ್ಯಾನುಯಲ್ ತೆಗೆದು ಎರಡು ಪ್ರಶ್ನೆಗೆ ಉತ್ತರ ಹುಡುಕಿ. ಆ ಇನ್‌ಪುಟ್ ಒಂದು ಜೋನಿನದಾ, ಎರಡರದಾ, ಮೂರರದಾ? ಎರಡನೇ ಜೋನ್ ಪೀಜೋ ಆಗಿರಬೇಕಾ, ಸ್ವಿಚ್ ಆಗಿರಬೇಕಾ? ಹೆಡ್ ಮತ್ತು ರಿಮ್ ಎರಡಕ್ಕೂ ಪೀಜೋ ಇರುವ ಸ್ನೇರನ್ನು ಸ್ವಿಚ್ ನಿರೀಕ್ಷಿಸುವ ಇನ್‌ಪುಟ್ಟಿಗೆ ಹಾಕಿದರೆ ಹೆಡ್ ಚೆನ್ನಾಗಿ ನುಡಿಯುತ್ತದೆ, ರಿಮ್ ಸುಮ್ಮನಿರುತ್ತದೆ ಅಥವಾ ಹುಚ್ಚುಹುಚ್ಚಾಗಿ ಆಡುತ್ತದೆ. ಪ್ಯಾಡ್ ಟೈಪ್ ಪಟ್ಟಿಯಲ್ಲಿ ಎರಡು ಬಗೆಯೂ ಇದ್ದರೆ ಆ ಇನ್‌ಪುಟ್ ಎರಡನ್ನೂ ಒಪ್ಪುತ್ತದೆ ಅಂತ ಅಂದುಕೊಳ್ಳಬಹುದು. ಪಟ್ಟಿಯಲ್ಲಿ ನಿಮ್ಮ ಪ್ಯಾಡಿನ ಹೆಸರೇ ಇಲ್ಲದಿದ್ದರೆ ಅದೇ ಅಳತೆಯ, ಅದೇ ರೀತಿಯ ಪ್ಯಾಡ್ ಆರಿಸಿ, ಅಲ್ಲಿಂದ ಮುಂದೆ ಕೈಯಾರೆ ಹೊಂದಿಸಿ.

ಬೇರೆ ಕಂಪನಿಯ ಪ್ಯಾಡ್ ಹಾಕಬಾರದು ಅಂತೇನಿಲ್ಲ. ಒಂದು ಜೋನಿನ ಟಾಮ್, ಕಿಕ್ ಪ್ಯಾಡುಗಳು ಹೆಚ್ಚಾಗಿ ಎಲ್ಲಿ ಹಾಕಿದರೂ ನುಡಿಯುತ್ತವೆ. ತಲೆನೋವು ರೈಡ್ ಸಿಂಬಲ್ ಮತ್ತು ಹೈ-ಹ್ಯಾಟಿನದು. ಮೂರು ಜೋನಿನ ರೈಡಿಗೆ ರೋಲ್ಯಾಂಡಿನ ಸಾಮಾನ್ಯ ಮಾದರಿಗಳಲ್ಲಿ ಎರಡು ಕೇಬಲ್ ಬೇಕು, ಒಂದು ಅಂಚಿಗೆ, ಒಂದು ಬೆಲ್ಲಿಗೆ (ನಡುವಿನ ಉಬ್ಬಿಗೆ). ಯಮಹಾದಲ್ಲಿ ಅದೇ ಕೆಲಸ ಒಂದೇ ಸ್ಟೀರಿಯೋ ಕೇಬಲ್ಲಿನಲ್ಲಿ ಆಗುತ್ತದೆ, ಯಾಕೆಂದರೆ ಯಾವ ಸ್ವಿಚ್ ಒತ್ತಿದೆ ಅಂತ ರೆಸಿಸ್ಟರಿನ ಬೆಲೆಯಿಂದ ಮಾಡ್ಯೂಲ್ ಗುರುತಿಸುತ್ತದೆ. ಒಂದರ ರೈಡನ್ನು ಇನ್ನೊಂದರ ಮಾಡ್ಯೂಲಿಗೆ ಹಾಕಿದರೆ ಬೆಲ್ ಸಿಗುವ ಭರವಸೆ ಇಟ್ಟುಕೊಳ್ಳಬೇಡಿ. ಹೈ-ಹ್ಯಾಟ್ ಕಂಟ್ರೋಲರಿನಲ್ಲೂ ಇದೇ, ಕಾಲು ಎತ್ತಿದಾಗ ಮುಚ್ಚಿದ ಸದ್ದು, ತುಳಿದಾಗ ತೆರೆದ ಸದ್ದು ಬರುವಂಥ ತಿರುಗುಮುರುಗು ಆಗಬಹುದು. ಇವೆರಡನ್ನು ಮಾಡ್ಯೂಲಿನ ಕಂಪನಿಯದ್ದೇ ತೆಗೆದುಕೊಳ್ಳುವುದು ಜಾಣತನ. ಇನ್ನು 2016ರಲ್ಲಿ ರೋಲ್ಯಾಂಡ್ ಟಿಡಿ-50 ಮಾಡ್ಯೂಲಿನ ಜೊತೆ ಬಂದ ಡಿಜಿಟಲ್ ಸ್ನೇರ್ ಮತ್ತು ರೈಡ್ ಯುಎಸ್‌ಬಿ ಕೇಬಲ್ಲಿನಲ್ಲಿ ಜೋಡಿಸುವಂಥವು. ಅಂಥ ಡಿಜಿಟಲ್ ಇನ್‌ಪುಟ್ ಇರುವ ಮಾಡ್ಯೂಲ್ ನಿಮ್ಮಲ್ಲಿ ಇಲ್ಲದಿದ್ದರೆ ಅದನ್ನು ಚುಚ್ಚಲು ಜಾಗವೇ ಇಲ್ಲ. ಸೆಕೆಂಡ್ ಹ್ಯಾಂಡ್ ಅಗ್ಗಕ್ಕೆ ಸಿಕ್ಕಿತು ಅಂತ ತರುವ ಮುನ್ನ ಇದನ್ನು ನೋಡಿಕೊಳ್ಳಿ.

ಯಾವುದನ್ನು ಮೊದಲು ಬದಲಿಸಬೇಕು? ನಾನಾದರೆ ಸ್ನೇರ್ ಅನ್ನುತ್ತೇನೆ. ಮೆತ್ತಗಿನ ಗೋಸ್ಟ್ ನೋಟ್, ರಿಮ್‌ಶಾಟ್ (ಹೆಡ್ ಮತ್ತು ರಿಮ್ ಒಟ್ಟಿಗೆ ಹೊಡೆಯುವುದು), ಕ್ರಾಸ್ ಸ್ಟಿಕ್ (ಸ್ಟಿಕ್ ಹೆಡ್ಡಿನ ಮೇಲೆ ಅಡ್ಡ ಇಟ್ಟು ರಿಮ್ ತಟ್ಟುವುದು), ಎಲ್ಲಾ ಕುಸುರಿ ಕೆಲಸ ನಡೆಯುವುದು ಅಲ್ಲಿ, ಚಿಕ್ಕ ಪ್ಯಾಡಿನಲ್ಲಿ ರಿಮ್‌ಶಾಟ್ ಹೊಡೆಯಲು ಕೈಗೂ ಕಷ್ಟ. ಹನ್ನೆರಡು ಇಂಚಿನದು ಸಿಕ್ಕರೆ ಸಾಕು. ಆಮೇಲೆ ಹೈ-ಹ್ಯಾಟ್. ಟಾಮ್ ಕೊನೆಗೆ, ಅದೂ ಬೇಕಿದ್ದರೆ. ನಾಲ್ಕು ಟಾಮ್ ಒಟ್ಟಿಗೆ ಬದಲಿಸಿ, ಸ್ನೇರ್ ಮಾತ್ರ ಹಳೆಯ ರಬ್ಬರಿನದೇ ಇಟ್ಟುಕೊಂಡವರನ್ನು ಕಂಡರೆ ನನಗೆ ಈಗಲೂ ಅರ್ಥವಾಗುವುದಿಲ್ಲ. ಹೊಸ ಸ್ನೇರ್ ಬಂದ ಮೇಲೆ ಹಳೆಯದನ್ನು ಮಾರಬೇಡಿ. ಮಾಡ್ಯೂಲಿನಲ್ಲಿ ಖಾಲಿ ಇನ್‌ಪುಟ್ ಇದ್ದರೆ ಅದೇ ಇನ್ನೊಂದು ಟಾಮ್ ಆಗುತ್ತದೆ.

ರಬ್ಬರಿನಿಂದ ಮೆಶ್ಶಿಗೆ ಹೋಗುವುದು ಹೆಚ್ಚಿನವರ ಆಸೆ. 1997ರಲ್ಲಿ ರೋಲ್ಯಾಂಡ್ ಟಿಡಿ-10 ಮಾಡ್ಯೂಲಿನ ಕಿಟ್ಟಿಗೆ ರೆಮೋ ಜೊತೆ ಸೇರಿ ಮೆಶ್ ಹೆಡ್ ತಂದಿತು, ಈಗ ತೀರಾ ಆರಂಭಿಕ ಕಿಟ್ಟುಗಳಲ್ಲೂ ಅದೇ. ನಿಮ್ಮದು ಈಗಾಗಲೇ ಮೆಶ್ ಆಗಿದ್ದು ಹೆಡ್ ಮಾತ್ರ ಸಡಿಲವಾಗಿದ್ದರೆ ಅಥವಾ ಹರಿದಿದ್ದರೆ ಪ್ಯಾಡ್ ಬದಲಿಸುವ ಅಗತ್ಯವೇ ಇಲ್ಲ, ಹೆಡ್ ಬದಲಿಸಿ. ಶೆಲ್ಲಿನ ಹೊರ ಅಗಲ ಸರಿಯಾಗಿ ಅಳೆಯಿರಿ. ಎಲ್ಲಾ ಪ್ಯಾಡುಗಳೂ 8, 10, 12 ಇಂಚಿನ ಸಾಮಾನ್ಯ ಅಳತೆಗೆ ಕೂರುವುದಿಲ್ಲ, ಕೆಲವು ಅಗ್ಗದ ಕಿಟ್ಟುಗಳಲ್ಲಿ ಹೆಡ್ಡಿನ ಸುತ್ತಿನ ಬಳೆ ಬೇರೆ ಅಳತೆಯದು. ಒಂದು ಪದರದ ಮೆಶ್ ಚೆಂಡಿನಂತೆ ಪುಟಿಯುತ್ತದೆ, ಎರಡು ಮೂರು ಪದರದ್ದು ನಿಜವಾದ ಡ್ರಮ್ಮಿಗೆ ಹತ್ತಿರ, ಸದ್ದು ಸ್ವಲ್ಪ ಜಾಸ್ತಿ. ಹೊಸ ಹೆಡ್ ಹಾಕಿದ ಮೇಲೆ ಬೋಲ್ಟುಗಳನ್ನು ಮೊದಲು ಬೆರಳಲ್ಲೇ ತಿರುಗಿಸಿ ಕೂರಿಸಿ, ಆಮೇಲೆ ಕೀಯಿಂದ ಎದುರುಬದುರಾಗಿ ಅರ್ಧರ್ಧ ಸುತ್ತು. ಅಂಗೈಯಿಂದ ನಡುವೆ ಒತ್ತಿದರೆ ಸ್ವಲ್ಪ ತಗ್ಗಬೇಕು, ಹಾಸಿಗೆಯಂತೆ ಇಳಿಯಬಾರದು. ಸೀಳಿದ ಮರದ ತುದಿಯ ಸ್ಟಿಕ್ ಮೆಶ್ಶಿನ ಎಳೆ ಎಳೆಯುತ್ತದೆ, ಅಂಥದ್ದನ್ನು ಎಸೆಯಿರಿ.

ಕಿಕ್ ಪ್ಯಾಡಿನಲ್ಲಿ ಮೆಶ್ ಇದ್ದರೆ ಬೀಟರಿನ ಪ್ಲಾಸ್ಟಿಕ್ ಬದಿ ಬಳಸಿ, ಫೆಲ್ಟ್ ಬದಿ ಮೆಶ್ಶನ್ನು ಉಜ್ಜಿ ಸವೆಸುತ್ತದೆ. ಜೋಡಿ ಪೆಡಲ್ ಹಾಕುವವರು ಎರಡೂ ಬೀಟರ್ ನಡುವಿನಿಂದ ಒಂದೇ ದೂರದಲ್ಲಿ ಬೀಳುವಂತೆ ಇಡಿ, ಇಲ್ಲದಿದ್ದರೆ ಎಡಗಾಲಿನ ಅಂಕಿ ಒಂದು, ಬಲಗಾಲಿನದು ಇನ್ನೊಂದು. ಮಿಡಿ ಮಾನಿಟರಿನಲ್ಲಿ ಇದು ಕೂಡಲೇ ಕಾಣುತ್ತದೆ.

ಇನ್‌ಪುಟ್ ಸಾಲದಿದ್ದರೆ ಒಂದು ದಾರಿ ಇದೆ. ಒಂದು ಇನ್‌ಪುಟ್ ಹೆಡ್ ಮತ್ತು ರಿಮ್ ಎರಡನ್ನೂ ಪೀಜೋ ಆಗಿ ಓದುವುದಾದರೆ, ಒಂದು ಸ್ಟೀರಿಯೋ ಪ್ಲಗ್ಗಿನಿಂದ ಎರಡು ಮೋನೋ ಜ್ಯಾಕಿಗೆ ಹೋಗುವ ವೈ ಕೇಬಲ್ ಹಾಕಿ ಎರಡು ಒಂಟಿ ಜೋನಿನ ಪ್ಯಾಡ್ ಜೋಡಿಸಬಹುದು. ಒಂದು ಹೆಡ್ಡಿನ ಸದ್ದು ಮಾಡುತ್ತದೆ, ಇನ್ನೊಂದು ರಿಮ್ಮಿನದು, ರಿಮ್ಮಿಗೆ ನಿಮಗೆ ಬೇಕಾದ ಸದ್ದು ಕೊಟ್ಟುಕೊಳ್ಳಿ. ಆದರೆ ಎರಡೂ ಒಂದೇ ಕ್ಷಣಕ್ಕೆ ಹೊಡೆದರೆ ಒಂದು ಬಿಟ್ಟುಹೋಗಬಹುದು, ಯಾಕೆಂದರೆ ಮಾಡ್ಯೂಲ್ ಅದನ್ನು ಇನ್ನೂ ಒಂದೇ ಪ್ಯಾಡ್ ಅಂತಲೇ ನೋಡುತ್ತದೆ. ಕೌಬೆಲ್ಲು, ಚಿಕ್ಕ ಸ್ಪ್ಲ್ಯಾಶ್ ಅಂಥ ಅಪರೂಪಕ್ಕೆ ಹೊಡೆಯುವ ಸದ್ದುಗಳಿಗೆ ಇದು ಧಾರಾಳವಾಗಿ ಸಾಕು.

ಹೊಸ ಪ್ಯಾಡ್ ಕೂರಿಸಿದ ದಿನ ನುಡಿಸಲು ಕೂರುವ ಮುನ್ನ ಪ್ಯಾಡ್ ಟೈಪ್ ಬದಲಿಸಿ, ಹಳೆಯ ಪ್ಯಾಡಿಗೆ ಹೊಂದಿಸಿದ್ದ ಥ್ರೆಶೋಲ್ಡ್, ಮಾಸ್ಕ್, ಕ್ರಾಸ್‌ಟಾಕ್ ಅಂಕಿಗಳನ್ನು ಡಿಫಾಲ್ಟಿಗೆ ತನ್ನಿ, ಮತ್ತೆ ಮಿಡಿ ಮಾನಿಟರ್ ತೆರೆದು ಮೆತ್ತಗಿನ ಏಟಿನಿಂದ ಶುರು ಮಾಡಿ. ಕೆಲವು ಮಾಡ್ಯೂಲುಗಳಲ್ಲಿ ಸೇವ್ ಒತ್ತದಿದ್ದರೆ ಆಫ್ ಮಾಡಿದ ಕೂಡಲೇ ಎಲ್ಲಾ ಹಳೆಯದಕ್ಕೆ ವಾಪಸ್, ಅದನ್ನೂ ಒಮ್ಮೆ ನೋಡಿಕೊಳ್ಳಿ.